ಹದಿಹರೆಯದವರ ಊಟ: ಜೀವಸತ್ವಕ್ಕೂ ಮನೆಯ ಸ್ಥಿತಿಗತಿಗೂ ಏನು ನಂಟು?

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಆದರೆ ಬಲ್ಲುದಷ್ಟೇ ಸಾಲದು. ಬೇಕಾದ ಊಟ ಬಟ್ಟಲಿಗೆ ಬರಬೇಕಾದರೆ ಮನೆಯಲ್ಲಿ ಹಣವಿರಬೇಕು, ಅಡುಗೆ ಮಾಡುವವರಿಗೆ ಹೊತ್ತಿರಬೇಕು, ಯಾವುದರಲ್ಲಿ ಏನಿದೆ ಎಂಬ ತಿಳಿವಳಿಕೆಯೂ ಇರಬೇಕು. ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಅದರ ಪರಿಣಾಮ ಮೊದಲು ಕಾಣುವುದು ಬೆಳೆಯುವ ಮಕ್ಕಳಲ್ಲಿ.

ಕಾರ್ಕಳ ತಾಲೂಕಿನ ಅಜೆಕಾರಿನಂತಹ ಊರಿನಿಂದ ದಿನವೂ ಬಸ್ಸು ಹಿಡಿದು ಪಿ.ಯು. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರನ್ನು ಕಲ್ಪಿಸಿಕೊಳ್ಳಿ. ಒಬ್ಬಳ ತಾಯಿ ಬೀಡಿ ಕಟ್ಟುತ್ತಾಳೆ, ತಂದೆ ತೋಟದ ಕೂಲಿ. ಇನ್ನೊಬ್ಬಳ ತಂದೆಗೆ ಪೇಟೆಯಲ್ಲಿ ಅಂಗಡಿಯಿದೆ. ಮೊದಲನೆಯವಳು ಬೆಳಿಗ್ಗೆ ಕಪ್ಪು ಚಹಾ ಕುಡಿದು ಹೊರಡುತ್ತಾಳೆ. ಎರಡನೆಯವಳು ಚಹಾಕ್ಕೆ ಬೇಕರಿಯ ಬನ್ನು ಅದ್ದಿ ತಿಂದು ಹೊರಡುತ್ತಾಳೆ. ಇಬ್ಬರಿಗೂ ತರಗತಿಯಲ್ಲಿ ಹನ್ನೊಂದು ಗಂಟೆಗೇ ತೂಕಡಿಕೆ. ಇಬ್ಬರ ಮನೆಯ ಆದಾಯಕ್ಕೂ ಅಜಗಜಾಂತರ. ಆದರೂ ಜೀವಸತ್ವದ ಕೊರತೆ ಇಬ್ಬರಿಗೂ ಇರಬಹುದು. ಯಾವ ಜೀವಸತ್ವ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಈ ವಯಸ್ಸಿಗೇ ಏಕೆ ಹೆಚ್ಚು ಬೇಕು?

ಹುಟ್ಟಿದ ಮೊದಲ ವರ್ಷವನ್ನು ಬಿಟ್ಟರೆ ದೇಹ ಅತ್ಯಂತ ವೇಗವಾಗಿ ಬೆಳೆಯುವುದು ಹದಿಹರೆಯದಲ್ಲಿ. ಎಲುಬು ಉದ್ದವಾಗುತ್ತದೆ, ಸ್ನಾಯು ತುಂಬುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟಿನಲ್ಲಿ ರಕ್ತ ನಷ್ಟವೂ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ, 70 ಮಿಲಿಗ್ರಾಂ 'ಸಿ' ಜೀವಸತ್ವ, 270 ಮೈಕ್ರೋಗ್ರಾಂ ಫೋಲೇಟ್ ಬೇಕು. ಅದೇ ವಯಸ್ಸಿನ ಹುಡುಗನಿಗೆ 26 ಮಿಲಿಗ್ರಾಂ ಕಬ್ಬಿಣ, 85 ಮಿಲಿಗ್ರಾಂ 'ಸಿ', 340 ಮೈಕ್ರೋಗ್ರಾಂ ಫೋಲೇಟ್. ಕಬ್ಬಿಣ ಜೀವಸತ್ವವಲ್ಲ, ಖನಿಜ. ಆದರೆ ಅದು ರಕ್ತ ಸೇರಲು 'ಸಿ' ನೆರವಾಗುತ್ತದೆ. ರಕ್ತಕಣಗಳು ಸರಿಯಾಗಿ ಬೆಳೆಯಲು ಫೋಲೇಟ್ ಮತ್ತು 'ಬಿ-12' ಬೇಕು. ಆದ್ದರಿಂದ ಇವುಗಳನ್ನು ಒಟ್ಟಾಗಿಯೇ ನೋಡಬೇಕು.

ಆದಾಯ ಮತ್ತು ಆಹಾರ

ಮನೆಯ ಆದಾಯಕ್ಕೂ ಜೀವಸತ್ವಕ್ಕೂ ಇರುವ ನಂಟನ್ನು ಲೆಕ್ಕಹಾಕಿ ತೋರಿಸಿದವರಲ್ಲಿ ಬ್ರಿಟನ್ನಿನ ಜಾನ್ ಬಾಯ್ಡ್ ಓರ್ ಪ್ರಮುಖರು. ಅವರು 1936ರಲ್ಲಿ ಅಲ್ಲಿನ ಕುಟುಂಬಗಳನ್ನು ಆದಾಯಕ್ಕೆ ತಕ್ಕಂತೆ ಆರು ಗುಂಪುಗಳಾಗಿ ವಿಂಗಡಿಸಿ ಊಟವನ್ನು ಹೋಲಿಸಿದರು. ಬಡವರ ಬಟ್ಟಲಿನಲ್ಲಿ ಹೊಟ್ಟೆ ತುಂಬಿಸುವ ಬ್ರೆಡ್ಡು, ಆಲೂಗಡ್ಡೆ ಇತ್ತು. ಹಾಲು, ಹಣ್ಣು, ತರಕಾರಿ, ಮೊಟ್ಟೆ ಮಾತ್ರ ಆದಾಯ ಏರಿದಂತೆ ಏರುತ್ತ ಹೋಗಿತ್ತು. ಹಸಿವು ತಣಿಸುವ ಪದಾರ್ಥ ಅಗ್ಗ, ರೋಗ ತಡೆಯುವ ಪದಾರ್ಥ ದುಬಾರಿ. ಈ ಮಾತು ನಮ್ಮ ಅಕ್ಕಿಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ದೇಶದಲ್ಲಿ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದ ಮಕ್ಕಳ ರಕ್ತವನ್ನು ಪರೀಕ್ಷಿಸಲಾಯಿತು. ಶೇ. 37 ಮಂದಿಯಲ್ಲಿ ಫೋಲೇಟ್, ಶೇ. 31ರಲ್ಲಿ 'ಬಿ-12', ಶೇ. 24ರಲ್ಲಿ 'ಡಿ', ಶೇ. 16ರಲ್ಲಿ 'ಎ' ಜೀವಸತ್ವದ ಕೊರತೆ ಕಂಡುಬಂತು. ರಕ್ತಹೀನತೆ ಹುಡುಗರಲ್ಲಿ ಶೇ. 18, ಹುಡುಗಿಯರಲ್ಲಿ ಶೇ. 40. ಇನ್ನೊಂದು ಗಮನಾರ್ಹ ಸಂಗತಿಯೆಂದರೆ 'ಡಿ' ಕೊರತೆ ಹಳ್ಳಿಗಿಂತ ನಗರದ ಮಕ್ಕಳಲ್ಲೇ ಹೆಚ್ಚಾಗಿತ್ತು.

ಕೈ ಬಿಗಿಯಿರುವ ಮನೆಯಲ್ಲಿ

ಮೊದಲು ನಮ್ಮ ಭಾಗ್ಯವನ್ನು ಹೇಳೋಣ. ಕರಾವಳಿಯ ಬಡವರ ಮನೆಯಲ್ಲೂ ಕುಚ್ಚಲಕ್ಕಿಯ ಗಂಜಿಯಿದೆ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸುವುದರಿಂದ ತೌಡಿನಲ್ಲಿರುವ 'ಬಿ-1' ಜೀವಸತ್ವದ ಒಂದು ಪಾಲು ಕಾಳಿನೊಳಗೆ ಇಳಿಯುತ್ತದೆ. ಮಿಲ್ಲಿನಲ್ಲಿ ತೌಡು ಹೋದರೂ ಅದು ಉಳಿಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯನ್ನೇ ನಂಬಿದ ಕಡೆ ಹಿಂದೆ ಕಾಡುತ್ತಿದ್ದ ಬೆರಿಬೆರಿ ರೋಗ ಕುಚ್ಚಲಕ್ಕಿ ಉಣ್ಣುವ ಕಡೆ ಅಪರೂಪವಾಗಿದ್ದುದಕ್ಕೆ ಇದೇ ಕಾರಣ. ಗಂಜಿಯನ್ನು ತೆಳಿಯ ಸಮೇತ ಉಂಡರೆ ಲಾಭ ಇನ್ನೂ ಹೆಚ್ಚು. ಅನ್ನ ಬಸಿದು ತೆಳಿಯನ್ನು ದನದ ಅಕ್ಕಚ್ಚಿಗೆ ಸುರಿದರೆ ನೀರಿನಲ್ಲಿ ಕರಗುವ 'ಬಿ' ಜೀವಸತ್ವಗಳು ದನದ ಪಾಲು.

ಆದರೆ ಗಂಜಿಯ ಜತೆ ಉಪ್ಪಿನಕಾಯಿ ಮಾತ್ರವಾದಾಗ ತೊಂದರೆ ಶುರು. ಅಕ್ಕಿಯಲ್ಲಿ 'ಎ', 'ಸಿ', 'ಬಿ-12' ಇಲ್ಲ. ಇವು ಬರಬೇಕಾದದ್ದು ಸೊಪ್ಪು, ಹಣ್ಣು, ಹಾಲು, ಮೀನು, ಮೊಟ್ಟೆಯಿಂದ. ಹಟ್ಟಿಯಲ್ಲಿ ದನವಿದ್ದರೂ ಹಾಲೆಲ್ಲ ಡೈರಿಗೆ ಹೋಗಿ, ಮಕ್ಕಳಿಗೆ ಕಪ್ಪು ಚಹಾ ಉಳಿಯುವುದುಂಟು. ಸಾಲದ ಕಂತು ಕಟ್ಟಬೇಕಾದ ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ. ಬೂತಾಯಿ, ಬಂಗುಡೆಗಳು 'ಡಿ' ಮತ್ತು 'ಬಿ-12'ರ ಅಗ್ಗದ ಭಂಡಾರ. ಆದರೆ ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆಯಿಂದ ಘಟ್ಟದ ತಪ್ಪಲಿನವರೆಗೆ ಬರುವ ಮೀನು ಕಡಿಮೆ, ಬೆಲೆ ಜಾಸ್ತಿ. ಕೂಲಿಯೂ ಕಡಿಮೆಯಿರುವ ತಿಂಗಳುಗಳು ಅವೇ.

ಹಣದಷ್ಟೇ ಕೊರತೆ ತಾಯಿಯ ಹೊತ್ತಿಗೂ ಇದೆ. ಬ್ರಾಂಚಿಗೆ ಬೀಡಿ ಒಪ್ಪಿಸಬೇಕಾದ ಅಥವಾ ಗೇರುಬೀಜದ ಕಾರ್ಖಾನೆಗೆ ಓಡಬೇಕಾದ ತಾಯಿಗೆ ಸೊಪ್ಪು ಸೋಸಿ ಕೊಚ್ಚಲು ಪುರುಸೊತ್ತೆಲ್ಲಿ? ಹಿತ್ತಿಲಲ್ಲಿ ಬಸಳೆ ಚಪ್ಪರವಿದ್ದರೂ ಪದಾರ್ಥ ಆಗುವುದಿಲ್ಲ.

ಇನ್ನು ಊಟದ ಸರತಿ. ತಂದೆ, ಅಣ್ಣತಮ್ಮಂದಿರು ಉಂಡ ಮೇಲೆ ತಾಯಿ ಮತ್ತು ಮಗಳು ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಮೀನಿನ ಹೋಳು ಗಂಡಿಗೆ, ಸಾರು ಹೆಣ್ಣಿಗೆ! ಹೆಚ್ಚು ಕಬ್ಬಿಣ ಬೇಕಾದವಳಿಗೇ ಕಡಿಮೆ ಸಿಗುವ ಈ ಲೆಕ್ಕ ಬಡತನದ್ದಲ್ಲ, ರೂಢಿಯದು. ಇದು ಬದಲಾಗಲು ಒಂದು ಪೈಸೆಯೂ ಬೇಡ.

ಅನುಕೂಲಸ್ಥರ ಮನೆಯಲ್ಲಿ

ಹಣವಿದ್ದ ಮನೆಯಲ್ಲಿ ಕೊರತೆಯಿಲ್ಲ ಎಂದು ತಿಳಿಯುವುದು ತಪ್ಪು. ಅಲ್ಲಿ ಗಂಜಿಯ ಜಾಗಕ್ಕೆ ಬನ್ನು, ನೂಡಲ್ಸ್, ಪಫ್ಸ್ ಬಂದಿವೆ; ಮಜ್ಜಿಗೆಯ ಜಾಗಕ್ಕೆ ತಂಪು ಪಾನೀಯ ಬಂದಿದೆ. ಮೈದಾ, ಸಕ್ಕರೆ, ಎಣ್ಣೆಯಿಂದ ತೂಕ ಏರುತ್ತದೆ, ಜೀವಸತ್ವ ಏರುವುದಿಲ್ಲ. ದಪ್ಪಗಿರುವ ಮಗುವಿಗೂ ಕೊರತೆ ಇರಬಹುದೆಂಬುದು ಹೆತ್ತವರಿಗೆ ಹೊಳೆಯುವುದೇ ಇಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಹೋಗಿ, ಸಂಜೆ ಟ್ಯೂಷನ್ ಮುಗಿಸಿ, ರಾತ್ರಿ ಮೊಬೈಲ್ ಹಿಡಿಯುವ ಹುಡುಗನ ಚರ್ಮಕ್ಕೆ ಬಿಸಿಲೇ ತಾಗುವುದಿಲ್ಲ. ಬಿಸಿಲಿಲ್ಲದೆ 'ಡಿ' ಜೀವಸತ್ವ ತಯಾರಾಗದು.

ಶುದ್ಧ ಸಸ್ಯಾಹಾರಿ ಮನೆಗಳಲ್ಲಿ 'ಬಿ-12'ರ ಕಡೆ ವಿಶೇಷ ಗಮನ ಬೇಕು. ಇದು ಸೊಪ್ಪು, ಕಾಳುಗಳಲ್ಲಿ ದೊರೆಯುವುದಿಲ್ಲ. ಹಾಲು, ಮೊಸರು, ಮಜ್ಜಿಗೆಯೇ ಅವರಿಗೆ ಮುಖ್ಯ ಆಧಾರ. ಹಾಲು ಸೇರುವುದಿಲ್ಲ ಎನ್ನುವ ಮಗು ಸಸ್ಯಾಹಾರಿಯೂ ಆಗಿದ್ದರೆ ವೈದ್ಯರ ಸಲಹೆ ಕೇಳುವುದು ಅಗತ್ಯ.

ಶಾಲೆಯ ಆಸರೆ ಮತ್ತು ಅದು ನಿಲ್ಲುವ ಜಾಗ

ಮನೆಯಲ್ಲಿ ಸಿಗದುದನ್ನು ಶಾಲೆ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತಿದೆ. ನಮ್ಮ ರಾಜ್ಯದ ಬಿಸಿಯೂಟ 2007ರಲ್ಲಿ ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗೂ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯ ಬಂತು. ಮುಂದೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಸೇರಿದವು. ವಾರಕ್ಕೊಂದು ನೀಲಿ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅನೇಕರು ಅದನ್ನು ಎಸೆಯುತ್ತಾರೆ. ಮಲ ಕಪ್ಪಾಗುವುದು ಅಪಾಯವಲ್ಲ. ಊಟದ ಬಳಿಕ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ.

ಆದರೆ ಬಿಸಿಯೂಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಪಿ.ಯು.ಸಿ. ಸೇರಿದ ದಿನ ಬಡವರ ಮಗಳ ಬಟ್ಟಲಿನಿಂದ ಬಿಸಿ ಅನ್ನ ಸಾಂಬಾರು, ಹಾಲು, ಮೊಟ್ಟೆ ಒಟ್ಟಿಗೇ ಮಾಯವಾಗುತ್ತವೆ. ಅದೇ ವರ್ಷ ಬಸ್ಸಿನ ಪ್ರಯಾಣ ಉದ್ದವಾಗುತ್ತದೆ, ಬೆಳಗಿನ ತಿಂಡಿ ತಪ್ಪುತ್ತದೆ, ಓದಿನ ಭಾರ ಹೆಚ್ಚುತ್ತದೆ. ದೇಹ ಹೆಚ್ಚು ಕೇಳುವ ಹೊತ್ತಿಗೆ ಆಸರೆ ತಪ್ಪುವ ಈ ಎರಡು ವರ್ಷಗಳ ಬಗ್ಗೆ ಹೆತ್ತವರು ಎಚ್ಚರವಾಗಿರಬೇಕು. ಕಾಲೇಜುಗಳ ಆಡಳಿತದವರೂ ರಕ್ಷಕ-ಶಿಕ್ಷಕ ಸಂಘದವರೂ ಯೋಚಿಸಬೇಕಾದ ವಿಷಯವಿದು.

ಗುರುತಿಸುವುದು ಹೇಗೆ?

ತುಟಿಯ ಮೂಲೆ ಬಿರಿಯುವುದು, ನಾಲಗೆ ಉರಿಯುವುದು 'ಬಿ' ಗುಂಪಿನ ಕೊರತೆಯ ಲಕ್ಷಣವಿರಬಹುದು. ವಸಡಿನಲ್ಲಿ ರಕ್ತ ಬಂದರೆ 'ಸಿ', ಮುಸ್ಸಂಜೆಯಲ್ಲಿ ದಾರಿ ಕಾಣದಿದ್ದರೆ 'ಎ' ಕಡಿಮೆಯಿರಬಹುದು. ಕೈಕಾಲು ಜುಮ್ಮೆನ್ನುವುದು 'ಬಿ-12', ಎಲುಬು-ಸ್ನಾಯುಗಳ ನೋವು 'ಡಿ' ಕೊರತೆಯಿಂದ ಆಗಬಹುದು. ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರುವುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ನಿರ್ಧರಿಸಬೇಕು. ತಾವಾಗಿಯೇ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಬಾರದು. 'ಎ' ಮತ್ತು 'ಡಿ' ದೇಹದಲ್ಲಿ ಸಂಗ್ರಹವಾಗಿ ಅತಿಯಾದರೆ ಹಾನಿ ಮಾಡುತ್ತವೆ.

ಖರ್ಚು ಕಡಿಮೆ, ಲಾಭ ಹೆಚ್ಚು

1. ಹಿತ್ತಿಲಿನಲ್ಲಿ ಒಂದು ನುಗ್ಗೆ ಮರ, ಒಂದು ಬಸಳೆ ಚಪ್ಪರ, ನಾಲ್ಕು ಸಾಲು ಹರಿವೆ ಇರಲಿ. ಮಳೆಗಾಲದಲ್ಲಿ ತಾನಾಗಿ ಬರುವ ಕೆಸು, ತಜಂಕು, ಒಂದೆಲಗಗಳನ್ನು ಬಡವರ ಸೊಪ್ಪೆಂದು ಹೀಗಳೆಯಬೇಡಿ. ಪಲ್ಯಕ್ಕೆ ತೆಂಗಿನಕಾಯಿ ಹಾಕುವ ನಮ್ಮ ಪದ್ಧತಿ ಒಳ್ಳೆಯದೇ. ಸೊಪ್ಪಿನಿಂದ 'ಎ' ದೇಹಕ್ಕೆ ಸೇರಲು ಕೊಬ್ಬಿನ ಅಂಶ ಬೇಕು.

2. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಕೊಚ್ಚಿ. ಸ್ವಲ್ಪ ನೀರಿನಲ್ಲಿ, ಮುಚ್ಚಳ ಮುಚ್ಚಿ ಬೇಯಿಸಿ. ಬೇಯಿಸಿದ ನೀರನ್ನು ಚೆಲ್ಲಬೇಡಿ.

3. ದುಬಾರಿ ಸೇಬಿಗಿಂತ ಹಿತ್ತಿಲ ಪೇರಳೆ ಲೇಸು. ನೂರು ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು 'ಸಿ' ಇದೆ. ನೆಲ್ಲಿಕಾಯಿ, ಗೇರು ಹಣ್ಣು, ಪಪ್ಪಾಯಿ ಕೂಡ ಉತ್ತಮ.

4. ಡೈರಿಗೆ ಹಾಲು ಹಾಕುವ ಮೊದಲು ಮಕ್ಕಳಿಗೆಂದು ಒಂದು ಕುಡ್ತೆ ತೆಗೆದಿಡಿ. ಅಷ್ಟೂ ಆಗದಿದ್ದರೆ ಮಧ್ಯಾಹ್ನಕ್ಕೆ ಮಜ್ಜಿಗೆಯಾದರೂ ಇರಲಿ.

5. ಊಟದ ಜತೆ ಚಹಾ ಬೇಡ. ಅದು ಕಬ್ಬಿಣವನ್ನು ರಕ್ತ ಸೇರಲು ಬಿಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ.

6. ಕಾಲೇಜಿಗೆ ಹೋಗುವವರು ಬೆಳಿಗ್ಗೆ ಒಂದು ಬಟ್ಟಲು ಗಂಜಿಯನ್ನಾದರೂ ಉಂಡು ಹೊರಡಲಿ. ಬುತ್ತಿಯಲ್ಲಿ ನೆನೆಸಿದ ಕಡಲೆ, ಮೊಳಕೆ ಬರಿಸಿದ ಹೆಸರು ಅಥವಾ ಬೇಯಿಸಿದ ಮೊಟ್ಟೆ ಇರಲಿ.

7. ವಾರಕ್ಕೆರಡು ಬಾರಿ ಸಂಜೆಯ ಆಟ, ತೋಟದ ಕೆಲಸ, ಬಿಸಿಲಿನಲ್ಲಿ ನಡಿಗೆ ಎಂದು ಹೊರಗೆ ಕಳುಹಿಸಿದರೆ ಸಾಲದು. ಇದು ದಿನವೂ ಆಗಬೇಕು.

ಎಲ್ಲರ ಆದಾಯವನ್ನೂ ಒಂದೇ ದಿನದಲ್ಲಿ ಏರಿಸಲು ಯಾರಿಂದಲೂ ಆಗದು. ಕೂಲಿ ಹೆಚ್ಚಬೇಕು, ಹಾಲು-ಮೊಟ್ಟೆ ಕೈಗೆಟುಕಬೇಕು. ಇವು ಸಮಾಜ ಮತ್ತು ಸರಕಾರ ಮಾಡಬೇಕಾದ ಕೆಲಸ. ಅಲ್ಲಿಯವರೆಗೆ ಕಾಯಬೇಕಿಲ್ಲದ ಒಂದು ಕೆಲಸ ನಮ್ಮ ಮನೆಯಲ್ಲೇ ಇದೆ. ಇಂದು ರಾತ್ರಿ ಬಡಿಸುವಾಗ ಮಗಳನ್ನೂ ಮಗನನ್ನೂ ಒಟ್ಟಿಗೆ ಕೂರಿಸಿ. ಪಲ್ಯವಾಗಲಿ, ಮೀನಿನ ಹೋಳಾಗಲಿ, ಇಬ್ಬರಿಗೂ ಸಮನಾಗಿ ಬೀಳಲಿ.