ಸಂತೆಯ ಟಗರು ಮತ್ತು ಸಮಾಲೋಚನೆ

ಬಕ್ರೀದ್ ಸಮೀಪಿಸಿದಾಗ ತಿಕೋಟಾ, ಬಬಲೇಶ್ವರದ ಕಡೆಯ ಕುರಿಗಾರರು ಟಗರುಗಳನ್ನು ವಿಜಯಪುರಕ್ಕೆ ತರುತ್ತಾರೆ. ನೀವು ಹಲ್ಲು ಎಣಿಸುತ್ತೀರಿ, ಕಣ್ಣು, ಕಿವಿ, ಕಾಲು ಪರೀಕ್ಷಿಸುತ್ತೀರಿ. ಆದರೆ ಅದರ ವಂಶವಾಹಿಯನ್ನು ಯಾರು ನೋಡಬಲ್ಲರು?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. 2024ರ ಡಿಸೆಂಬರ್‌ನಲ್ಲಿ ಕಾಶ್ಮೀರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಂಶವಾಹಿ ತಿದ್ದಿದ ಕುರಿಮರಿಯೊಂದು ಹುಟ್ಟಿತು. ದೇಶದಲ್ಲೇ ಮೊದಲನೆಯದೆಂದು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. ಹೆಸರು ತರ್ಮೀಮ್, ಅಂದರೆ ತಿದ್ದುಪಡಿ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ವಂಶವಾಹಿಯನ್ನು ಬದಲಿಸಿದ್ದರಿಂದ ಮಾಂಸ ಸುಮಾರು ಶೇ. 30ರಷ್ಟು ಹೆಚ್ಚುವುದೆಂದು ವಿಜ್ಞಾನಿಗಳ ಹೇಳಿಕೆ. ಬೇರೆ ಜೀವಿಯ ಅಂಶವನ್ನೇನೂ ಸೇರಿಸಿಲ್ಲ. ಹಂದಿಯದ್ದೇನಾದರೂ ಬೆರೆತಿದೆಯೋ ಎಂದು ಈಗಲೇ ಗಾಬರಿಗೊಂಡವರು ಸ್ವಲ್ಪ ತಾಳಬೇಕು.

ಆದರೆ ಇಂತಹ ಕುರಿ ನಾಳೆ ನಮ್ಮ ಸಂತೆಗೆ ಬರಬೇಕೇ ಎಂಬುದನ್ನು ತೀರ್ಮಾನಿಸುವವರು ಯಾರು?

ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೇ ಶೂರಾ, ಅರ್ಥಾತ್ ಸಮಾಲೋಚನೆ ಎಂಬ ಹೆಸರಿದೆ. ಬದ್ರ್‌ನಲ್ಲಿ ಪ್ರವಾದಿವರ್ಯರು(ಸ) ಬೀಡುಬಿಟ್ಟಾಗ, ಈ ಸ್ಥಳ ಅಲ್ಲಾಹನ ಆದೇಶದಂತೆ ಆರಿಸಿದ್ದೋ ತಮ್ಮ ಅಭಿಪ್ರಾಯವೋ ಎಂದು ಹುಬಾಬ್ ಬಿನ್ ಮುಂಝಿರ್(ರ) ವಿಚಾರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಅಭಿಪ್ರಾಯವೆಂದು ತಿಳಿದ ಮೇಲೆ ಅವರು ಬಾವಿಯ ಸಮೀಪದ ಜಾಗವನ್ನು ಸೂಚಿಸಿದರು. ಪ್ರವಾದಿವರ್ಯರು(ಸ) ಬೇಸರಿಸದೆ ಅಲ್ಲಿಗೆ ಸಾಗಿದರು.

ನಮ್ಮ ದೇಶದಲ್ಲೂ ಸರಕಾರ ಜನರನ್ನು ಕೇಳಿದ್ದುಂಟು. ಪ್ರಾಣಿಗಾಗಿ ಅಲ್ಲ, ಬದನೆಕಾಯಿಗಾಗಿ! 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅಷ್ಟಕ್ಕೇ ಬಿಡದೆ ಏಳು ನಗರಗಳಲ್ಲಿ ಸಭೆ ಕರೆದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಒಟ್ಟು ಸುಮಾರು 8,000 ಜನ ಪಾಲ್ಗೊಂಡರು. ಕೂಗಾಟಕ್ಕೇನೂ ಕೊರತೆಯಿರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೇ ಬಿಟಿ ತಳಿಗಳನ್ನು ಸಿದ್ಧಪಡಿಸಿತ್ತು. ಉಡುಪಿಯ ಬೆಳೆಗಾರರಿಗೆ ತಮ್ಮ ಮಟ್ಟುಗುಳ್ಳ ಕೆಡುವುದೆಂಬ ಭಯ. ಫೆಬ್ರವರಿ 9ರಂದು ಸಚಿವರು ತಡೆ ಘೋಷಿಸಿದರು.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಕೊಟ್ಟಾಗ ಇಂತಹ ಸಭೆಗಳು ನಡೆಯಲಿಲ್ಲ. ಆ ಹತ್ತಿಕಾಳಿನ ಹಿಂಡಿಯನ್ನು ಇಂದು ಎಮ್ಮೆಗಳು ತಿನ್ನುತ್ತಿವೆ, ನಾವು ಹಾಲು ಕುಡಿಯುತ್ತಿದ್ದೇವೆ.

2024ರ ಜುಲೈಯಲ್ಲಿ ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂಬಂಧಪಟ್ಟ ಎಲ್ಲರೊಡನೆ ಚರ್ಚಿಸಿ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಕುರಿಯ ವಿಷಯದಲ್ಲಿ ಸಂಬಂಧಪಟ್ಟವರೆಂದರೆ ಯಾರು? ಬಬಲೇಶ್ವರದ ಕುರಿಗಾರ ಅಲ್ಲವೇ? ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ಇದೇ ವಂಶವಾಹಿ ತಾನಾಗಿಯೇ ಬದಲಾಗಿದೆ. ಮೈತುಂಬ ಮಾಂಸ, ಆದರೆ ಕರು ಹೊರಬರಲು ಬಹಳಷ್ಟು ಸಲ ಹೊಟ್ಟೆ ಕೊಯ್ಯಬೇಕಾಗುತ್ತದೆ. ಅಡವಿಯಲ್ಲಿ, ಡಾಕ್ಟರರಿಲ್ಲದ ರಾತ್ರಿ, ಇಂತಹ ಕುರಿ ಈಯುವಾಗ ತಾನೇನು ಮಾಡಲಿ ಎಂದು ಅವನು ಕೇಳಬಹುದು. ಆ ಸಭೆಗೆ ಅವನನ್ನು ಕರೆದುಕೊಂಡು ಹೋಗುವವರು ನೀವಾಗುವಿರಾ?