ಜಂಬೂಸವಾರಿಗೆ ಸೋಮ ಹೊತ್ತು ಹೋಗುವವರಿಗೆ

ಹುಳಿಯಾರು ಪಕ್ಕದ ಕೆಂಕೆರೆ ಸೀಮೆಯಿಂದ ಮೈಸೂರು ದಸರಾಗೆ ಸೋಮನ ಕುಣಿತದ ಮೇಳ ಕಟ್ಟಿಕೊಂಡು ಹೋಗುವ ಹುಡುಗರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಗುಡಿಯ ಸೋಮನನ್ನು ಗುಡಿಯಲ್ಲೇ ಬಿಡಿ. ಪೂಜೆಗೊಳ್ಳುವ ಮುಖವಾಡವನ್ನು ಬಸ್ಸಿನ ಸೀಟಿನಡಿ ತುರುಕುವುದು ನನಗಂತೂ ಒಪ್ಪಿಗೆಯಿಲ್ಲ. ಮೆರವಣಿಗೆಗೆಂದೇ ಬೇರೆ ಜೋಡಿ ಮಾಡಿಸಿಕೊಳ್ಳಿ. ಸೋಮ ಹೊತ್ತವನಿಗೆ ಕಾಲಡಿಯ ನೆಲ ಸರಿಯಾಗಿ ಕಾಣುವುದಿಲ್ಲ. ದಾರಿ ತೋರಲು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಒಬ್ಬ ಇರಲೇಬೇಕು.

2. ಒಣಸೋಗೆ ಒಯ್ಯಿರಿ. ದಸರಾ ಹೊತ್ತಿಗೆ ಹಿಂಗಾರು ಯಾವಾಗ ಸುರಿಯುತ್ತದೋ ಹೇಳಲಾಗದು. ಥಂಡಿ ತಗುಲಿದರೆ ತಮಟೆಯ ಚರ್ಮ ಸಡಿಲವಾಗಿ ಬಡಿತ ದಬ್ ಎಂದು ಕೂರುತ್ತದೆ, ಬೆಂಕಿಗೆ ಹಿಡಿದು ಕಾಯಿಸಲೇಬೇಕು. ಊರಲ್ಲಾದರೆ ತೋಟದ ಬದುವಿಗೆ ಹೋದರೆ ಸೋಗೆ; ಮೈಸೂರಲ್ಲಿ ಕಡ್ಡಿ ಹುಡುಕಿಕೊಂಡು ಅಲೆಯಬೇಕು. ಸೋಗೆ ಧಗ್ಗನೆ ಉರಿದು ಬೇಗ ಆರುತ್ತದೆ, ತಮಟೆಗೆ ಬೇಕಾದ್ದು ಅಷ್ಟೇ ಕಾವು. ಕೆಂಡದ ಮೇಲೆ ಹಿಡಿದರೆ ಚರ್ಮ ಸುರುಟಿಕೊಳ್ಳುತ್ತದೆ. ಅಂಚನ್ನು ತಿರುಗಿಸುತ್ತ ಕಾಯಿಸಿ, ಬೆರಳಲ್ಲಿ ತಟ್ಟಿದಾಗ ಟಣ್ ಎಂದರೆ ಸಾಕು. ಇದನ್ನೆಲ್ಲ ಇಳಿದುಕೊಂಡ ಜಾಗದಲ್ಲೇ ಮುಗಿಸಿ. ಅರಮನೆ ಹತ್ತಿರ ಬೆಂಕಿ ಹಾಕಲು ಯಾರೂ ಬಿಡುವುದಿಲ್ಲ. ಫೈಬರ್ ತಮಟೆಗೆ ಈ ತಾಪತ್ರಯವಿಲ್ಲ ನಿಜ. ಆದರೆ ಅರೆವಾದ್ಯ, ಡೋಲಿನ ಜೊತೆ ಅದರ ದನಿ ಬೆರೆಯುವುದೇ ಇಲ್ಲ.

3. ಊಟ ಬೆಳಿಗ್ಗೆಯೇ ಆಗಲಿ. ನಂದಿಧ್ವಜ ಪೂಜೆ ಮಧ್ಯಾಹ್ನಕ್ಕೆ, ಕಲಾತಂಡಗಳು ಸಾಲಾಗುವುದು ಅದಕ್ಕೂ ಎಷ್ಟೋ ಮೊದಲು.

4. ನಡಿಗೆಯ ಬಡಿತ ಬೇರೆ, ನಿಂತ ಬಡಿತ ಬೇರೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ಆನೆ 750 ಕೆ.ಜಿ. ಚಿನ್ನದ ಅಂಬಾರಿ ಹೊತ್ತು ಹಿಂದೆ ಬರುತ್ತಿರುತ್ತದೆ, ನಾವು ನಿಂತರೆ ಸಾಲೆಲ್ಲ ನಿಲ್ಲುತ್ತದೆ. ಗಣ್ಯರ ವೇದಿಕೆ ಮುಂದೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಜೋರು ಹೆಜ್ಜೆ ಅಲ್ಲಿಗೆ, ಆಮೇಲೆ ಕೆ.ಆರ್. ವೃತ್ತಕ್ಕೆ ಮೀಸಲಿಡಿ, ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಉಸಿರು ಹಿಡಿದು ನಡೆಯಿರಿ. ಹಾಗಂತ ಆ ಚಣಕ್ಕೆಂದೇ ಹುಡುಗರನ್ನು ತಯಾರು ಮಾಡಬೇಡಿ. ಜಾತ್ರೆಯಲ್ಲಿ ಅಮ್ಮನ ಮುಂದೆ ರಾತ್ರಿಯಿಡೀ ಕುಣಿದವನಿಗೆ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಅನ್ನುವುದು ಕಾಲಿಗೇ ಗೊತ್ತಿರುತ್ತದೆ. ದಸರಾಗೆಂದೇ ಕಲಿತವನು ಕ್ಯಾಮೆರಾ ಕಂಡಲ್ಲೆಲ್ಲ ಒಂದೇ ಸಮನೆ ಹಾರುತ್ತಾನೆ, ಅರ್ಧ ದಾರಿಗೇ ಸುಸ್ತು.

5. ಗೌರವಧನ ಬರುವುದು ಬ್ಯಾಂಕ್ ಖಾತೆಗೆ. ಪಾಸ್‌ಬುಕ್, ಆಧಾರ್ ಜೆರಾಕ್ಸ್ ಎಲ್ಲರದ್ದೂ ಒಬ್ಬನ ಚೀಲದಲ್ಲಿರಲಿ. ದಾರಿಖರ್ಚಿಗೆ ಮುಂಗಡ ಬೇಕೆಂದು ಅಟ್ಟದ ಕೊಬ್ಬರಿಗೆ ಕೈ ಹಾಕಬೇಡಿ. ವರ್ಷ ತುಂಬದ ಉಂಡೆಗೆ ತಿಪಟೂರು ಮಂಡಿಯಲ್ಲಿ ಒಳ್ಳೆ ರೇಟು ಹುಟ್ಟುವುದಿಲ್ಲ. ಮೇಳದವರೇ ಕೈಯಿಂದ ಸ್ವಲ್ಪ ಸ್ವಲ್ಪ ಹಾಕಿಕೊಂಡು ಹೋಗಿ, ದುಡ್ಡು ಬಂದಾಗ ಮೊದಲು ಅದನ್ನು ಮುರಿದುಕೊಳ್ಳಿ, ಉಳಿದದ್ದನ್ನು ಸಮ ಹಂಚಿ. ನೀರಿನ ಬಾಟಲಿ ಹಿಡಿದವನಿಗೂ ಸಮಪಾಲೇ.