ಕನಸಿಗೂ ಒಂದು ಲೆಕ್ಕದ ಪುಸ್ತಕ



ನಮ್ಮ ಸ್ವಸಹಾಯ ಸಂಘಗಳಲ್ಲಿ ಉಳಿತಾಯಕ್ಕೆ ಒಂದು ಪುಸ್ತಕ ಇದೆ, ಸಾಲಕ್ಕೆ ಒಂದು ಪುಸ್ತಕ ಇದೆ, ನಡಾವಳಿಗೆ ಒಂದು ಪುಸ್ತಕ ಇದೆ. ಆದರೆ ನಮ್ಮ ಮನೆಯ ಮಕ್ಕಳು ಮುಂದೆ ಏನಾಗಬೇಕು ಅಂತಿದ್ದಾರೆ ಎಂಬುದನ್ನು ನಾವು ಎಲ್ಲೂ ಬರೆದಿಟ್ಟಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ "ಈಗೇನ್ ಮಾಡೋದು?" ಅಂತ ಗಾಬರಿಯಾಗುತ್ತೇವೆ. ಪಕ್ಕದ ಮನೆಯ ಹುಡುಗ ಎಲ್ಲಿಗೆ ಸೇರಿದನೋ ಅಲ್ಲಿಗೇ ನಮ್ಮ ಮಗುವನ್ನೂ ಸೇರಿಸಿ ಸುಮ್ಮನಾಗುತ್ತೇವೆ. ಈ ಗಾಬರಿ ತಪ್ಪಬೇಕೆಂದೇ ಈ ತಿಂಗಳ ಪಾಠ.

ಒಂದು ಖಾಲಿ ಚೀಟಿ

ಕೆಲವು ವರ್ಷಗಳ ಹಿಂದೆ ಕಾಫಿ ತೋಟದ ಲೈನ್ ಮನೆಗಳ ಮಕ್ಕಳಿಗೆ ನಾವು ಒಂದು ಚಟುವಟಿಕೆ ಮಾಡಿಸಿದೆವು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು "ಮುಂದೆ ನಾನು ಏನಾಗಬೇಕು" ಎಂದು ಬರೆಯಲು ಹೇಳಿದೆವು. ಡಾಕ್ಟರ್, ಟೀಚರ್, ಪೊಲೀಸ್, ಮಿಲಿಟರಿ ಅಂತ ಮಕ್ಕಳು ಬರೆದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಚೀಟಿ ಮಾತ್ರ ಖಾಲಿ ಇತ್ತು. "ಯಾಕಮ್ಮ ಬರೆದಿಲ್ಲ?" ಎಂದು ನಮ್ಮ ಕಾರ್ಯಕರ್ತೆ ಕೇಳಿದರು. "ಬರೆದ್ರೆ ಆಗುತ್ತಾ ಅಕ್ಕಾ?" ಎಂದಳು. ಒತ್ತಾಯ ಮಾಡಿದ ಮೇಲೆ, "ನರ್ಸ್. ಅಜ್ಜಿ ಆಸ್ಪತ್ರೇಲಿದ್ದಾಗ ನೋಡಿದ್ದೆ" ಎಂದು ಮೆಲ್ಲಗೆ ಹೇಳಿದಳು. ನಾವು ಚಪ್ಪಾಳೆ ತಟ್ಟಿಸಿ, ಬಿಸ್ಕತ್ತು ಹಂಚಿ ಬಂದೆವು.

ಅಲ್ಲಿಗೇ ನಿಂತದ್ದು ನಮ್ಮ ತಪ್ಪು. ನರ್ಸ್ ಆಗಲು ಏನು ಓದಬೇಕು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹತ್ತಿರದ ಕಾಲೇಜಿನಲ್ಲಿ ಇದ್ದದ್ದು ಕಲಾ ವಿಭಾಗ, ಅದಕ್ಕೇ ಸೇರಿದಳು. ಪಿ.ಯು.ಸಿ. ಮುಗಿಸಿ ನಮ್ಮ ಬಳಿ ಬಂದು, "ನರ್ಸಿಂಗಿಗೆ ಸೈನ್ಸ್ ಬೇಕಂತೆ, ನಂದು ಮುಗೀತು ಅಕ್ಕಾ" ಎಂದಳು. ನಾವೂ ವಿಚಾರಿಸಲಿಲ್ಲ. ನಮ್ಮ ಹೊಲಿಗೆ ತರಬೇತಿಗೆ ಹೆಸರು ಬರೆದುಕೊಂಡೆವು.

ಒಂದು ವರ್ಷ ಕಳೆದ ಮೇಲೆ ನಿಜ ಗೊತ್ತಾಯಿತು. ವಿಜ್ಞಾನ ಬೇಕಾಗಿದ್ದು ಬಿ.ಎಸ್ಸಿ. ನರ್ಸಿಂಗಿಗೆ. ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾಕ್ಕೆ ಕಲಾ ವಿಭಾಗದಲ್ಲಿ ಪಿ.ಯು.ಸಿ. ಪಾಸಾದವರೂ ಸೇರಬಹುದಿತ್ತು. ಅಷ್ಟರಲ್ಲಿ ಮನೆಯಲ್ಲಿ ಮದುವೆ ಮಾತು ನಡೆದಿತ್ತು. ಓದಿದ್ದು ನಾಲ್ಕನೇ ತರಗತಿಯಾದರೂ ಆ ತಾಯಿ ಎದ್ದು ನಿಂತು, "ಮದುವೆಗೆ ಅಂತ ಕೂಡಿಟ್ಟ ದುಡ್ಡನ್ನ ಫೀಸಿಗೆ ಕಟ್ತೀನಿ. ಗಂಡು ಆಮೇಲೆ ಸಿಗ್ತಾನೆ" ಎಂದರು. ಆ ಹುಡುಗಿ ಇಂದು ನರ್ಸಿಂಗ್ ಶಾಲೆಯ ಎರಡನೇ ವರ್ಷದಲ್ಲಿದ್ದಾಳೆ. ಅವಳ ಒಂದು ವರ್ಷ ನಮ್ಮ ಅಜ್ಞಾನದಿಂದ ಹೋಯಿತು. ಇನ್ನೊಂದು ಮಗುವಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇವೆ.

ಕನಸು ಬೇರೆ, ಯೋಜನೆ ಬೇರೆ

"ನರ್ಸ್ ಆಗಬೇಕು" ಎಂಬುದು ಕನಸು. ಯಾವ ಕೋರ್ಸ್, ಯಾವ ವಿಷಯ, ಎಷ್ಟು ವರ್ಷ, ಎಷ್ಟು ಖರ್ಚು, ಯಾರನ್ನು ಕೇಳಬೇಕು ಎಂಬುದು ಯೋಜನೆ. ಗದ್ದೆಯಲ್ಲಿ ಒಳ್ಳೆಯ ಬೆಳೆ ಬರಲಿ ಅಂತ ಆಸೆಪಟ್ಟರೆ ಸಾಲದು. ಯಾವ ತಿಂಗಳು ಸಸಿಮಡಿ, ಯಾವ ತಿಂಗಳು ನಾಟಿ, ಗೊಬ್ಬರಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತೇವೆ ಅಲ್ಲವೇ? ಮಕ್ಕಳ ವಿಷಯದಲ್ಲೂ ಅದೇ ಲೆಕ್ಕ ಬೇಕು.

ಹಿರಿಯರು "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತಾರೆ. ಖರ್ಚಿನ ವಿಷಯದಲ್ಲಿ ಇದು ಸರಿಯಾದ ಮಾತು. ಆದರೆ ಹಾಸಿಗೆ ಚಿಕ್ಕದು ಅಂತ ಮಗುವಿನ ಕಾಲು ಬೆಳೆಯುವುದು ನಿಲ್ಲುವುದಿಲ್ಲ. ಹಾಸಿಗೆಯನ್ನೇ ಸ್ವಲ್ಪ ಉದ್ದ ಮಾಡಲು ಏನು ದಾರಿ ಇದೆ ಎಂದು ನೋಡುವುದು ದೊಡ್ಡವರ ಕೆಲಸ.

ಹತ್ತನೇ ತರಗತಿಯ ನಂತರ ಇರುವ ದಾರಿಗಳು

1. ಪಿ.ಯು.ಸಿ. (2 ವರ್ಷ): ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿವೆ. ವಿಜ್ಞಾನ ತೆಗೆದುಕೊಂಡವರು ಆಮೇಲೆ ಬಿ.ಎ., ಬಿ.ಕಾಂ.ಗೂ ಹೋಗಬಹುದು. ಆದರೆ ಕಲಾ ವಿಭಾಗದಿಂದ ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಹೋಗಲು ಆಗುವುದಿಲ್ಲ. ಹಾಗಂತ ಕಲಾ ವಿಭಾಗ ಕಡಿಮೆಯಲ್ಲ. ಶಿಕ್ಷಕರು, ವಕೀಲರು, ಸಮಾಜ ಕಾರ್ಯಕರ್ತರು, ಕೆ.ಎ.ಎಸ್. ಅಧಿಕಾರಿಗಳು ಆ ದಾರಿಯಿಂದಲೂ ಬಂದಿದ್ದಾರೆ.

2. ಐ.ಟಿ.ಐ. (1 ಅಥವಾ 2 ವರ್ಷ): ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್ ಮುಂತಾದ ಕೈಕಸುಬುಗಳು. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯಬಹುದು.

3. ಡಿಪ್ಲೊಮಾ (3 ವರ್ಷ): ಪಾಲಿಟೆಕ್ನಿಕ್‌ನಲ್ಲಿ. ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ನೇರವಾಗಿ ಎರಡನೇ ವರ್ಷದ ಡಿಪ್ಲೊಮಾಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಐ.ಟಿ.ಐ.ಗೆ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಅಂತ ಅಲ್ಲ.

4. ಸ್ವಂತ ಉದ್ಯೋಗ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಈಗ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. 18 ವರ್ಷ ತುಂಬಿದವರಿಗೆ ಊಟ, ವಸತಿಯೊಂದಿಗೆ ಉಚಿತ ತರಬೇತಿ ಸಿಗುತ್ತದೆ.

ಫೇಲಾದರೆ? ಕರ್ನಾಟಕದಲ್ಲಿ 2024ರಿಂದ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿದೆ. ವರ್ಷ ಹಾಳಾಗದಂತೆ ಮತ್ತೆ ಬರೆಯಬಹುದು. ದಯವಿಟ್ಟು ಫಲಿತಾಂಶದ ದಿನ ಮಗುವನ್ನು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ.

ದುಡ್ಡಿನ ಮಾತು

ವಾರಕ್ಕೆ 50 ರೂಪಾಯಿಯಂತೆ ಮಗುವಿನ ಓದಿಗೇ ಬೇರೆಯಾಗಿ ಉಳಿಸಿದರೆ ವರ್ಷಕ್ಕೆ 2,600 ರೂಪಾಯಿ. ಎಂಟನೇ ತರಗತಿಯಲ್ಲಿ ಶುರು ಮಾಡಿದರೆ ಹತ್ತು ಮುಗಿಯುವಾಗ 7,800 ರೂಪಾಯಿ ಕೈಯಲ್ಲಿರುತ್ತದೆ. ಇದರಿಂದ ಪೂರ್ತಿ ಫೀಸು ಆಗದಿರಬಹುದು. ಆದರೆ ಅರ್ಜಿ, ಪುಸ್ತಕ, ಬಟ್ಟೆ, ಮೊದಲ ತಿಂಗಳ ಹಾಸ್ಟೆಲ್ ಖರ್ಚಿಗೆ ಬಡ್ಡಿ ಸಾಲ ಮಾಡುವುದು ತಪ್ಪುತ್ತದೆ.

ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಇವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಆಧಾರ್‌ನಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇದೆಯೇ ಎಂದು ಒಂಬತ್ತನೇ ತರಗತಿಯಲ್ಲೇ ನೋಡಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ನಿಂತುಹೋಗುವುದನ್ನು ನಾವು ಪ್ರತಿ ವರ್ಷ ನೋಡುತ್ತಿದ್ದೇವೆ. ಶಿಕ್ಷಣ ಸಾಲ 4 ಲಕ್ಷ ರೂಪಾಯಿಯವರೆಗೆ ಇದ್ದರೆ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಇನ್ನು "ಕಾಲೇಜು ದೂರ" ಅನ್ನುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ.

ಎಚ್ಚರಿಕೆ

"ಸೀಟು ಗ್ಯಾರಂಟಿ, ಕೆಲಸ ಗ್ಯಾರಂಟಿ" ಅಂತ ಮನೆ ಬಾಗಿಲಿಗೆ ಬರುವ ಏಜೆಂಟರಿಗೆ ಮುಂಗಡ ಕೊಡಬೇಡಿ. ನರ್ಸಿಂಗ್ ಶಾಲೆಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಕೇಳಿ. ಕಟ್ಟಿದ ಪ್ರತಿ ರೂಪಾಯಿಗೆ ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಯ ನಾಲ್ಕು ಜೆರಾಕ್ಸ್ ಮನೆಯಲ್ಲಿರಲಿ.

ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯಂತೆ ಅಪರಾಧ. ಓದು ಬಿಡಿಸಿ ಮದುವೆ ಮಾಡುವ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಮಾಡುವ ಅಭ್ಯಾಸ

ಒಂದು ನೋಟ್‌ಬುಕ್ಕಿನಲ್ಲಿ ಮಗುವೇ ತನ್ನ ಕೈಯಾರೆ ಇವನ್ನು ಬರೆಯಲಿ:

- ನನಗೆ ಇಷ್ಟವಾದ ಕೆಲಸ ಯಾವುದು? ನನಗೆ ಚೆನ್ನಾಗಿ ಬರುವ ವಿಷಯ ಯಾವುದು?
- ಆ ಕೆಲಸಕ್ಕೆ ಏನು ಓದಬೇಕು? ಎಷ್ಟು ವರ್ಷ? ಎಷ್ಟು ಖರ್ಚು?
- ಆ ಕೆಲಸ ಮಾಡುತ್ತಿರುವ ಯಾರನ್ನು ಹೋಗಿ ಕೇಳಬಹುದು?
- ಇದು ಆಗದಿದ್ದರೆ ನನ್ನ ಎರಡನೇ ದಾರಿ ಯಾವುದು?

ತಂದೆ ತಾಯಿ ಬರೆಯಲು ಬಾರದಿದ್ದರೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ನಮ್ಮ ಆಸೆಯನ್ನು ಅವರ ಪುಸ್ತಕದಲ್ಲಿ ಬರೆಸುವುದು ಬೇಡ. ಆರು ತಿಂಗಳಿಗೊಮ್ಮೆ ತೆಗೆದು ನೋಡಿ. ಮನಸ್ಸು ಬದಲಾಗಿದ್ದರೆ ತಪ್ಪೇನಿಲ್ಲ, ಹೊಸ ಪುಟದಲ್ಲಿ ಬರೆಯಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಾವು ಚಿಕ್ಕವರಿದ್ದಾಗ ಏನಾಗಬೇಕು ಅಂತಿದ್ದೆವು? ಯಾಕೆ ಆಗಲಿಲ್ಲ?
2. ಮಗನ ಓದಿಗೆ ಮಾಡುವಷ್ಟು ಸಾಲವನ್ನು ಮಗಳ ಓದಿಗೂ ಮಾಡುತ್ತೇವೆಯೇ?
3. ನಮ್ಮ ಊರಿನಲ್ಲಿ ಈ ವರ್ಷ ಹತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಅವರ ಮುಂದಿನ ದಾರಿ ನಮಗೆ ಗೊತ್ತಿದೆಯೇ?

ಈ ತಿಂಗಳ ನಿರ್ಧಾರ: ಪ್ರತಿ ಸಂಘ ತನ್ನ ಊರಿನ ಎಂಟರಿಂದ ಹತ್ತನೇ ತರಗತಿಯ ಮಕ್ಕಳ ಪಟ್ಟಿ ಮಾಡಿ, ಹೆಸರಿನ ಮುಂದೆ ಅವರ ಕನಸನ್ನು ಬರೆಯೋಣ. ಯಾರ ಹೆಸರಿನ ಮುಂದೆ ಜಾಗ ಖಾಲಿ ಉಳಿದಿದೆಯೋ ಆ ಮನೆಗೆ ಮೊದಲು ಹೋಗೋಣ. "ಬರೆದ್ರೆ ಆಗುತ್ತಾ?" ಎಂದು ಆ ಮಗು ಕೇಳಿದರೆ, "ಬರಿ ಮಗಾ, ಏನೇನು ಬೇಕೋ ಒಟ್ಟಿಗೆ ಕೂತು ನೋಡೋಣ" ಎನ್ನೋಣ.